ಪಿನಾಂಗಿನಲ್ಲಿ ನನ್ನ ಮೂರು ತಿಂಗಳು

ಮೊನ್ನೆ ಹೋಬೋಕನ್ನಿನಲ್ಲಿರುವ ಮೊಮ್ಮಗಳು ತಾರಾಳ ಮನೆಗೆ ಹೋಗಿದ್ದೆ. ಕಾಫಿಗೆ ಹಾಲು ತೆಗೆಯೋಣವೆಂದು ಫ್ರಿಜ್ಜಿನ ಹತ್ತಿರ ಹೋದರೆ ಅದರ ಬಾಗಿಲ ಮೇಲೆ ಮ್ಯಾಗ್ನೆಟ್ಟಿಗೆ ಸಿಕ್ಕಿಸಿದ ಒಂದು ಕಾಗದ. ಮೇಲೆ ದಪ್ಪ ಅಕ್ಷರದಲ್ಲಿ ‘ಪಿನಾಂಗ್, ಸಿಕ್ಸ್ ಮಂತ್ಸ್’. ಕೆಳಗೆ ಬಾಡಿಗೆ, ಊಟ, ಸ್ಕೂಟರು, ಜಿಮ್ಮು, ಇನ್ಶೂರೆನ್ಸು, ಒಂದೊಂದರ ಮುಂದೆಯೂ ಡಾಲರು. ಎಲ್ಲಕ್ಕಿಂತ ಕೊನೆಯಲ್ಲಿ ‘ಫನ್’ ಎಂದು ಬರೆದು ಅದಕ್ಕೂ ಇಷ್ಟು ಎಂದು ಇಟ್ಟಿದ್ದಳು. ಮೋಜಿಗೂ ಮುಂಚಿತವಾಗಿ ದುಡ್ಡು ಎತ್ತಿಡುವ ಕಾಲ ಬಂತಲ್ಲ ಎಂದು ನಗಬೇಕಾಗಿತ್ತು. ನಗು ಬರಲಿಲ್ಲ. ಬಾಗಿಲು ತೆರೆದು ಹಿಡಿದುಕೊಂಡೇ ನಿಂತುಬಿಟ್ಟೆ. ಫ್ರಿಜ್ಜು ಕುಂಯ್ ಕುಂಯ್ ಎಂದು ಬೈಯತೊಡಗಿತು.

“ಅಜ್ಜಿ, ಆರ್ ಯು ಓಕೇ?” ಎಂದಳು ತಾರಾ.

ಅವಳದು ಕಂಪ್ಯೂಟರಿನ ಕೆಲಸ. ಎಲ್ಲಿ ಕೂತು ಮಾಡಿದರೂ ಆಫೀಸಿನವರಿಗೆ ಚಿಂತೆಯಿಲ್ಲವಂತೆ. ಹೋಬೋಕನ್ನಿನ ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ಮಲೇಷ್ಯಾದ ಆ ಸಮುದ್ರದ ಊರಿನಲ್ಲಿ ಅರ್ಧ ವರ್ಷ ಇದ್ದು ಬರುತ್ತಾಳಂತೆ. “ಇಟ್ಸ್ ಸೋ ಚೀಪ್ ಅಜ್ಜಿ” ಎಂದಳು.

“ಇದರಲ್ಲಿ ಬಂದವರಿಗೆ ಅಂತ ಏನೂ ಇಟ್ಟಿಲ್ವಲ್ಲೇ?”

“ಬಂದವರು? ಲೈಕ್, ಹೂ?”

ನೀವೇ ಹೇಳಿ, ಇವಳಿಗೆ ಎಲ್ಲಿಂದ ಶುರುಮಾಡುವುದು? ಅವಳಿಗೆ ಸಾಯಂಕಾಲ ಹೇಳಿದರಾಯಿತು. ಮೊದಲು ನಿಮಗೆ ಹೇಳುತ್ತೇನೆ.

ಅರವತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಅಮೆರಿಕಕ್ಕೆ ಬಂದಾಗ ನಾವು ಇದೇ ಹೋಬೋಕನ್ನಿನಲ್ಲಿ ಮನೆ ಹಿಡಿದದ್ದು ಅಗ್ಗವೆಂಬ ಒಂದೇ ಕಾರಣಕ್ಕೆ. ಈಗ ಕೇಳಿದವರು ನಗುತ್ತಾರೆ. ಆಗ ಇದು ಹಡಗುಕಟ್ಟೆಯ ಊರು. ಇಟಲಿಯವರು, ಪೋರ್ಟೊ ರಿಕೊದವರು, ಮೂರನೆಯ ಮಹಡಿಯಲ್ಲಿ ನಾವು. ನದಿಯ ದಡದಲ್ಲಿ ಒಂದು ಕಾಫಿ ಕಾರ್ಖಾನೆಯಿತ್ತು. ಗಾಳಿ ಊರ ಕಡೆ ತಿರುಗಿದ ದಿನ ಬೀದಿಗೆಲ್ಲ ಹುರಿದ ಕಾಫಿಯ ಘಮ. ಮೈಸೂರಿನವಳಾದ ನನಗೆ ಅದಕ್ಕಿಂತ ದೊಡ್ಡ ಹಿಂಸೆ ಬೇರೆ ಬೇಕಿರಲಿಲ್ಲ. ಮೂಗಿಗೆ ಅಮ್ಮನ ಮನೆ, ಲೋಟದಲ್ಲಿ ಮಾತ್ರ ಪುಡಿ ಕದಡಿದ ಬಿಸಿನೀರು. ನಮ್ಮವರು ಬೆಳಿಗ್ಗೆ ನದಿಯಡಿಯ ರೈಲು ಹಿಡಿದು ಮ್ಯಾನ್‌ಹ್ಯಾಟನ್ನಿಗೆ ಸೇತುವೆಗಳ ನಕ್ಷೆ ಬರೆಯಲು ಹೋದರೆ ನಾನು ಕಿಟಕಿಯ ಹತ್ತಿರ ಕೂತು ಆ ವಾಸನೆ ಕುಡಿದು ಅಳುತ್ತಿದ್ದೆ. ಅಳುವುದಕ್ಕೂ ಒಂದು ವೇಳೆ ಗೊತ್ತುಮಾಡಿಕೊಂಡಿದ್ದೆ, ಪಾತ್ರೆ ತೊಳೆದಾದ ಮೇಲೆ.

ಹಾಗೆ ಅಳುತ್ತಿದ್ದ ಒಂದು ದಿನ ಫೋನು ಬಂತು. “ಇದು ರಾಯರ ಮನೆಯಾ? ನೀವು ಕನ್ನಡದವರಾ?” ಆಗ ನಾವೆಲ್ಲ ಮಾಡುತ್ತಿದ್ದ ಕೆಲಸವೇ ಅದು. ಹೊಸ ಊರಿಗೆ ಹೋದರೆ ಟೆಲಿಫೋನ್ ಡೈರೆಕ್ಟರಿ ತೆಗೆದು ರಾವ್, ಮೂರ್ತಿ, ಹೆಗಡೆ ಎಂದು ಹುಡುಕಿ ಸುಮ್ಮನೆ ಫೋನು ಮಾಡುವುದು. ಈಕೆ ನಮಗಿಂತ ಮೊದಲು ಇನ್ನೊಬ್ಬ ರಾವ್‌ಗೆ ಮಾಡಿದ್ದರಂತೆ. ಅವರು ತೆಲುಗಿನವರು. ಅರ್ಧ ಗಂಟೆ ಮಾತಾಡಿ ಊಟಕ್ಕೂ ಕರೆದಿದ್ದರಂತೆ, ಈಕೆ ಹೋಗಿ ಉಂಡೂ ಬಂದಿದ್ದರಂತೆ.

ಹೀಗೆ ಸಿಕ್ಕವರು ವಾರಿಜಕ್ಕ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದೇ ಕೋಣೆಯ ಮನೆ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ವಯಸ್ಸು ನಲವತ್ತರ ಮೇಲೆ, ಮದುವೆಯಾಗಿರಲಿಲ್ಲ. ಮಾತು ಉಡುಪಿಯ ಕಡೆಯದು. ಎಲ್ಲದಕ್ಕೂ ‘ಉಂಟು’, ‘ಎಂತ ಮಾರಾಯ್ತಿ’. ನಾನು ಅಣಕಿಸಿದರೆ, “ನಿಮ್ಮ ಮೈಸೂರಿನವರದು ಎಂತ ಭಾಷೆ, ಬಾಯಿಗೆ ನೋವಾದೀತು ಅಂತ ಅರ್ಧ ಅಕ್ಷರ ನುಂಗುವುದು” ಎನ್ನುತ್ತಿದ್ದರು. ಆದರೆ ಅವರು ಹುಟ್ಟಿ ಹನ್ನೆರಡು ವರ್ಷದವರೆಗೆ ಬೆಳೆದದ್ದು ಉಡುಪಿಯಲ್ಲಲ್ಲ, ಪಿನಾಂಗಿನಲ್ಲಿ. ತಂದೆ ಅಲ್ಲಿ ರಬ್ಬರ್ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಎರಡನೆಯ ಮಹಾಯುದ್ಧ ಆ ಕಡೆಗೂ ಬರುತ್ತದೆಂಬ ಸುದ್ದಿಯಾದಾಗ ಹೆಂಡತಿ ಮಗಳನ್ನು ಹಡಗು ಹತ್ತಿಸಿ, “ನೀವು ಹೋಗಿ, ನಾನು ಹಿಂದಿನಿಂದ ಬರುತ್ತೇನೆ” ಎಂದರಂತೆ. ಬರಲಿಲ್ಲ. ಹೇಗೆ ಹೋದರು, ಎಲ್ಲಿ ಮಣ್ಣಾದರು, ಯಾರಿಗೂ ತಿಳಿಯಲಿಲ್ಲ. ವಾರಿಜಕ್ಕನ ತಾಯಿ ಕೊನೆಯವರೆಗೂ ಅಕ್ಕಿ ತೊಳೆಯುವಾಗ ಗಂಡನ ಪಾಲಿನ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದರಂತೆ. ಇದನ್ನು ವಾರಿಜಕ್ಕ ಹೇಳಿದ್ದು ತೆಂಗಿನಕಾಯಿ ತುರಿಯುತ್ತಾ, ತಲೆ ಎತ್ತದೆ.

ಅವರಿಗಿದ್ದದ್ದು ಒಂದೇ ಆಸೆ. ಪಿನಾಂಗಿಗೆ ಹೋಗಿ ಒಂದು ಪೂರ್ತಿ ವರ್ಷ ಇರಬೇಕು. ನಾಲ್ಕು ದಿನ ನೋಡಿ ಬರುವುದಲ್ಲ, ಒಲೆ ಹೂಡಿ ಇರಬೇಕು. ಅಲ್ಲಿ ಜೀವನ ಬಹಳ ಸಸ್ತಾ ಎಂದು ಯಾರೋ ಹೇಳಿದ್ದರು. ಇಲ್ಲಿನ ಸಂಬಳದಲ್ಲಿ ಉಳಿಸಿದರೆ ಅಲ್ಲಿ ಕೆಲಸವಿಲ್ಲದೆ ಕಾಲು ಚಾಚಿ ಕೂರಬಹುದು. ಸರಿ, ಶನಿವಾರ ಮಧ್ಯಾಹ್ನ ನಮ್ಮ ಅಡಿಗೆಮನೆಯ ಮೇಜಿನ ಮೇಲೆ ಪಿನಾಂಗಿನ ಖರ್ಚಿನ ಅಂದಾಜು ಶುರುವಾಯಿತು. ಬಾಡಿಗೆ, ಅಕ್ಕಿ, ತೆಂಗಿನಕಾಯಿ, ದೀಪ. ಮೊದಲ ವಾರ ನಾನು ಅಭ್ಯಾಸಬಲದಿಂದ ಹೀಟಿಂಗಿಗೂ ದುಡ್ಡು ಇಡಿಸಿದ್ದೆ. ಬೆವರು ಒರೆಸಿಕೊಳ್ಳುವ ಊರಿನಲ್ಲಿ ಮನೆ ಕಾಯಿಸುವ ಖರ್ಚು! ವಾರಿಜಕ್ಕ ಅದನ್ನು ಹೊಡೆದುಹಾಕದೆ ಬಹಳ ದಿನ ಹಾಗೇ ಉಳಿಸಿಕೊಂಡು ಬಂದವರಿಗೆಲ್ಲ ತೋರಿಸಿ ನಗಿಸಿದರು.

ಕೇಳುತ್ತ ಕೇಳುತ್ತ ಪಿನಾಂಗಿನ ಆಸೆ ನನಗೂ ಹತ್ತಿತು. ಯಾಕೆಂದು ಈಗ ತಿಳಿಯುತ್ತದೆ. ಮೈಸೂರಿಗೆ ಹೋದರೆ ನಾನು ಸೊಸೆ, ಮಗಳು, ಅಮೆರಿಕದಿಂದ ಬಂದವಳು. ತಲೆಗೊಂದು ಸೀರೆ, ತಲೆಗೊಂದು ಸೆಂಟು ಹಂಚುವುದರಲ್ಲೇ ರಜೆ ಮುಗಿಯುತ್ತಿತ್ತು. ಪಿನಾಂಗಿನಲ್ಲಿ ನಾನು ಯಾರೂ ಅಲ್ಲ. ಬೆಳಿಗ್ಗೆದ್ದು ಜಗಲಿಯಲ್ಲಿ ಕೂತು ಸಮುದ್ರ ನೋಡಿದರೆ ಯಾಕೆ ಕೂತೆ ಎಂದು ಕೇಳುವವರಿಲ್ಲ. ವಾರಿಜಕ್ಕನ ಹಳೆಯ ಮನೆಯೆದುರು ಒಬ್ಬ ಮಲಯಾ ಹೆಂಗಸು ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವನ್ನು ಬಾಳೆಎಲೆಯಲ್ಲಿ ಕಟ್ಟಿ ಮಾರುತ್ತಿದ್ದಳಂತೆ. ಭಾನುವಾರ ಅಪ್ಪ ಅದನ್ನು ತರುತ್ತಿದ್ದರಂತೆ. ನನಗೆ ಆ ಪೊಟ್ಟಣ ಬಿಚ್ಚಿ ತಿನ್ನಬೇಕಿತ್ತು. “ನಾನೂ ಬರ್ತೀನಿ, ಮೂರು ತಿಂಗಳು” ಎಂದುಬಿಟ್ಟೆ. ವಾರಿಜಕ್ಕ ಪೆನ್ಸಿಲು ತೆಗೆದು ‘ಬಂದವರಿಗೆ’ ಎಂಬ ಹೊಸ ಬಾಬ್ತು ಬರೆದರು.

ಕೆಟ್ಟದ್ದು ಅಲ್ಲಿಂದ. ನಮ್ಮ ಕನ್ನಡದವರಲ್ಲಿ ಒಬ್ಬರು ಎಲ್ಲಿಗಾದರೂ ಹೋಗುತ್ತೇನೆಂದರೆ ಉಳಿದವರು ನಾವೂ ಬರುತ್ತೇವೆ ಎನ್ನದೆ ಇರುತ್ತಾರೆಯೇ? ಬೆಲ್‌ರೋಸಿನಲ್ಲಿದ್ದ ಡಾಕ್ಟರು ಮಕ್ಕಳು ಮರಿ ಸಮೇತ ಹದಿನೈದು ದಿನ ಎಂದರು. ಧಾರವಾಡದ ದೇಸಾಯರು ಬ್ರಹ್ಮಚಾರಿ, “ಒಂದ್ ಮೂಲ್ಯಾಗ ಹಾಸಿಗಿ ಹಾಕ್ರಿ, ಸಾಕು. ನಂದೇನ್ ತ್ರಾಸಿಲ್ರಿ” ಎಂದರು. ಬಾಯಿಮಾತಿಗೆ ಹೇಳಿದವರನ್ನೂ ವಾರಿಜಕ್ಕ ಬಿಡಲಿಲ್ಲ. ಹೇಳಿದವರಿಗೆಲ್ಲ ಅಕ್ಕಿ, ಹಾಸಿಗೆ, ಹೊರಡುವಾಗ ಹೆಂಗಸರಿಗೆ ಕುಂಕುಮದ ಜೊತೆ ಒಂದು ರವಿಕೆ ಕಣ. ಒಂದು ಕೋಣೆಯ ಮನೆ ಎರಡು ಕೋಣೆಯದಾಯಿತು, ಆಮೇಲೆ ಮೂರು. ಹಿತ್ತಲೂ ಬೇಕಾಯಿತು. ಆ ಅಗ್ಗದ ಊರು ನಮ್ಮ ಕಣ್ಣೆದುರೇ ಹೋಬೋಕನ್ನಿಗಿಂತ ತುಟ್ಟಿಯಾಗುತ್ತ ಹೋಯಿತು. ವಾರಿಜಕ್ಕ ಹಳೆಯ ಕೋಟಿಗೇ ತೇಪೆ ಹಾಕಿಕೊಂಡು ಚಳಿಗಾಲದ ಮೇಲೆ ಚಳಿಗಾಲ ಕಳೆದರು. ಉಳಿತಾಯ ಒಂದು ಹೆಜ್ಜೆ ಇಟ್ಟರೆ ಬಂದವರ ಬಾಬ್ತು ಎರಡು ಇಡುತ್ತಿತ್ತು.

ನಾಲ್ಕು ವರ್ಷ ಹೀಗೇ ಆಯಿತು. ಆಗ ಪಿನಾಂಗಿನಿಂದಲೇ ಸುದ್ದಿ ಬಂತು. ವಾರಿಜಕ್ಕನ ತಂದೆಯ ಹಳೆಯ ಸ್ನೇಹಿತರ ಮಗನೊಬ್ಬನ ಮನೆಯಲ್ಲಿ, ಸಮುದ್ರದ ಕಡೆಗೆ ಒಂದು ಕೋಣೆ ಜನವರಿಗೆ ಖಾಲಿಯಾಗುತ್ತದೆ. ಬಾಡಿಗೆ ಕಡಿಮೆ. ಆದರೆ ಒಬ್ಬರಿಗೆ ಮಾತ್ರ ಜಾಗ, ಬೇಗ ಹೇಳಬೇಕು.

ಆ ಶನಿವಾರ ನಮ್ಮವರು ಲೆಕ್ಕ ಹಾಕುವ ತಮ್ಮ ಸ್ಲೈಡ್ ರೂಲ್ ಹಿಡಿದು ಮೇಜಿಗೆ ಬಂದರು. ಎಲ್ಲ ಕೂಡಿಸಿ ಕಳೆದು ಹೇಳಿದರು: “ವಾರಿಜಕ್ಕ, ಬಂದವರ ಬಾಬ್ತು ತೆಗೆದುಹಾಕಿದ್ರೆ ನೀವು ನಾಳೆನೇ ಟಿಕೆಟ್ ತಗೋಬಹುದು. ಅದನ್ನ ಇಟ್ಕೊಂಡ್ರೆ ಈ ಜನ್ಮಕ್ಕಿಲ್ಲ.”

ವಾರಿಜಕ್ಕ ಪೆನ್ಸಿಲು ಕೆಳಗಿಟ್ಟರು. “ಅಲ್ಲ ರಾಯರೇ,” ಎಂದರು, “ಯಾರೂ ಬಾರದ ಒಂದು ಕೋಣೆಯಲ್ಲಿ ಇರಲಿಕ್ಕೆ ಅಷ್ಟು ದೂರ ಯಾಕೆ ಹೋಗಬೇಕು? ಅದು ನನಗೆ ಇಲ್ಲಿಯೇ ಉಂಟಲ್ಲ.”

ನಮ್ಮವರು ಸ್ಲೈಡ್ ರೂಲನ್ನು ಅದರ ಚೀಲಕ್ಕೆ ಹಾಕಿದರು. ನಾನು ಕಾಫಿ ಮಾಡಲೇ ಎಂದೆ. ಬೇಡವೆಂದು ಅವರು ಕೋಟು ಹಾಕಿಕೊಂಡು ಹೊರಟುಹೋದರು. ಅವರು ಇಲ್ಲೇ ಉಳಿದುಬಿಡುತ್ತಾರೆ, ಅಪ್ಪ ಕೊನೆಗೆ ನಿಂತಿದ್ದ ಆ ಹಡಗುಕಟ್ಟೆಯನ್ನು ಮತ್ತೆ ನೋಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅವರು ಹೋಗದಿದ್ದರೆ ಒಳ್ಳೆಯದು ಎಂದೂ ಒಂದು ಕಡೆ ಅನ್ನಿಸುತ್ತಿತ್ತು. ಅವರಿಲ್ಲದ ಶನಿವಾರ ಹೇಗಿರುತ್ತದೆಂದು ನನಗೆ ಊಹಿಸಲೂ ಆಗುತ್ತಿರಲಿಲ್ಲ.

ಮುಂದಿನ ವಾರ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. “ಒಂದು ಉಪಾಯ ಉಂಟು ಮಾರಾಯ್ತಿ. ಬರುವವರನ್ನೆಲ್ಲ ಇಲ್ಲಿಗೇ ಕರೆಯುವ. ಅವರವರ ಪಾಲನ್ನು ಅವರಿಗೆ ಬಡಿಸಿಯೇ ಹೋಗುತ್ತೇನೆ. ಆಮೇಲೆ ಒಂದು ಕೋಣೆ ಸಾಕು.”

ಡಿಸೆಂಬರಿನ ಒಂದು ಭಾನುವಾರ, ನಮ್ಮ ಮನೆಯಲ್ಲೇ. ಅವರ ಮನೆಯಲ್ಲಿ ಅಷ್ಟು ಜನ ನಿಲ್ಲಲೂ ಜಾಗವಿರಲಿಲ್ಲ. ತೆಂಗಿನಕಾಯಿ ಪೋರ್ಟೊ ರಿಕೊದವರ ಅಂಗಡಿಯಿಂದ. ಕ್ರಿಸ್‌ಮಸ್ಸಿಗೆ ಏನೋ ಕಟ್ಟಿ ಬೇಯಿಸಲು ಅವರು ಬಾಳೆಎಲೆ ತರಿಸುತ್ತಿದ್ದರು, ಅದೂ ಸಿಕ್ಕಿತು. ಕೆಸುವಿನೆಲೆ ಎಲ್ಲಿಂದ ಬರಬೇಕು, ಇಲ್ಲಿ ಸಿಗುವ ಅಗಲ ಎಲೆಯ ಕೊಲಾರ್ಡ್ ಸೊಪ್ಪಿನಲ್ಲೇ ಪತ್ರೊಡೆ ಮಾಡಿದರು. ಒಂದು ದೊಡ್ಡ ಪಾತ್ರೆಯ ತುಂಬ ತೆಂಗಿನ ಹಾಲಿನ ಅನ್ನ. ಬರುತ್ತೇವೆ ಎಂದಿದ್ದವರೆಲ್ಲ ಬಂದರು. ಮಂಚದ ಮೇಲೆ ಕೋಟುಗಳ ಗುಡ್ಡೆ, ಬಾಗಿಲಲ್ಲಿ ಬೂಟುಗಳ ರಾಶಿ, ನೆಲದ ಮೇಲೆ ಎರಡು ಪಂಕ್ತಿ. ವಾರಿಜಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಬ್ಬೊಬ್ಬರ ಎಲೆಯ ಮುಂದೆಯೂ ಬಗ್ಗಿ, “ಡಾಕ್ಟರೇ, ಇದು ನಿಮ್ಮ ಮೊದಲನೆಯ ವಾರದ್ದು. ಬೇಡ ಅನ್ನಬೇಡಿ, ಎರಡನೆಯ ವಾರದ್ದೂ ಉಂಟು” ಎನ್ನುತ್ತಿದ್ದರು. ದೇಸಾಯರು, “ಮೇಡಂ, ನನ್ನ ಹಾಸಿಗಿ?” ಎಂದು ಕೇಳಿ, ಊಟವಾದ ಮೇಲೆ ನಿಜಕ್ಕೂ ಮೂಲೆಯಲ್ಲಿ ಮಲಗಿ ಗೊರಕೆ ಹೊಡೆದರು. ಹೊರಡುವಾಗ ಹೆಂಗಸರಿಗೆಲ್ಲ ಕುಂಕುಮ, ರವಿಕೆ ಕಣ. ವಾರಿಜಕ್ಕನನ್ನು ಅಷ್ಟು ಸಂತೋಷವಾಗಿ ನಾನು ನೋಡಿದ್ದು ಅದೊಂದೇ ದಿನ.

ಎಲ್ಲರೂ ಹೋದ ಮೇಲೆ ನಾವಿಬ್ಬರು ಅಡಿಗೆಮನೆಯಲ್ಲಿ ಎಲೆ ಹಾಕಿಕೊಂಡು ಕೂತೆವು. ವಾರಿಜಕ್ಕ ನನಗೆ ಪತ್ರೊಡೆ ಹಾಕಿದರು, ಬಿಳಿ ಅನ್ನ ಹಾಕಿದರು, ಸಾರು ಹಾಕಿದರು.

“ತೆಂಗಿನ ಹಾಲಿನದ್ದು ಮುಗಿದುಹೋಯ್ತಾ?” ಎಂದೆ. ಬೆಳಗಿನಿಂದ ಅದರ ಘಮದಲ್ಲೇ ಓಡಾಡಿದ್ದೆ.

“ಉಂಟು. ನಿನಗೆ ಬಡಿಸುವುದಿಲ್ಲ.”

“ಯಾಕೆ?”

“ಇವರದೆಲ್ಲ ಇವತ್ತಿಗೆ ಮುಗಿಯಿತು. ನಿನ್ನದು ಮುಗಿಸಬಾರದು ಅಂತ ಉಂಟು ನನಗೆ. ನಿನ್ನ ಮೂರು ತಿಂಗಳು ಅಲ್ಲಿ. ಅಲ್ಲಿ ಬಂದೇ ಉಣ್ಣು.”

ನಾನು ಸಾರನ್ನ ಕಲಸಿಕೊಂಡು ತಲೆ ತಗ್ಗಿಸಿ ಉಂಡೆ. ಉಪ್ಪು ಸ್ವಲ್ಪ ಹೆಚ್ಚೇ ಆಗಿತ್ತು, ಯಾಕೆಂದು ಕೇಳಬೇಡಿ.

ಜನವರಿಯಲ್ಲಿ ಅವರು ಹೊರಟರು. ಒಂದು ವರ್ಷಕ್ಕೆಂದು ಹೋದವರು ಹಿಂದಿರುಗಲಿಲ್ಲ, ಅಲ್ಲೇ ಕೆಲಸ ಹಿಡಿದು ಉಳಿದರು. ದೀಪಾವಳಿಗೊಂದು ಕಾರ್ಡು ಬರುತ್ತಿತ್ತು. ‘ಕೋಣೆ ಸಣ್ಣದು, ಜಗಲಿ ದೊಡ್ಡದುಂಟು, ಬಾ’ ಎಂದಿಷ್ಟೇ. ನಾನು ಹೋಗಬೇಕೆಂದಾಗಲೆಲ್ಲ ಏನೋ ಒಂದು. ಮಗ ಹುಟ್ಟಿದ, ಮಗಳು ಹುಟ್ಟಿದಳು, ನಾವು ಹೋಬೋಕನ್ ಬಿಟ್ಟು ಮೆಟುಚೆನ್ನಿಗೆ ಬಂದೆವು. ಕೂಡಿಟ್ಟ ರಜೆ, ಕೂಡಿಟ್ಟ ದುಡ್ಡು ಎರಡೂ ಮೈಸೂರಿನ ಟಿಕೆಟ್ಟಿಗೆ ಹೋಗುತ್ತಿದ್ದವು. ಪಿನಾಂಗ್ ಯಾವ ದಾರಿಯ ಮೇಲೂ ಇರಲಿಲ್ಲ. ಒಂದು ವರ್ಷ ಕಾರ್ಡಿನ ಬದಲು ಆ ಮನೆಯವರ ಫೋನು ಬಂತು. ಅವತ್ತು ನಾನು ಅಳಲು ಪಾತ್ರೆ ತೊಳೆದಾಗುವವರೆಗೆ ಕಾಯಲಿಲ್ಲ. ಈಗಲೂ ಯಾರ ಮನೆಯಲ್ಲಾದರೂ ತೆಂಗಿನ ಹಾಲು ಕುದಿಯುವ ವಾಸನೆ ಬಂದರೆ ನಾನು ನೋಡದ ಒಂದು ಜಗಲಿ ನೆನಪಾಗುತ್ತದೆ.

ಇಷ್ಟನ್ನೂ ಸಾಯಂಕಾಲ ತಾರಾಗೆ ಹೇಳಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಕಿಟಕಿಯಾಚೆ ನದಿ. ಕಾಫಿ ಕಾರ್ಖಾನೆ ಹೋಗಿ ಎಷ್ಟೋ ಕಾಲವಾಯಿತು. ಗಾಳಿಗೆ ಈಗ ಯಾವ ವಾಸನೆಯೂ ಇಲ್ಲ. ಕೇಳಿ ಮುಗಿಸಿ ತಾರಾ ಮೂಗು ಒರೆಸಿಕೊಂಡು ಫೋನು ತೆಗೆದಳು.

“ಅಜ್ಜಿ, ದಟ್ ಕೋಕನಟ್ ರೈಸ್, ಇಲ್ಲೇ ಒಂದು ಪ್ಲೇಸ್ ಇದೆ. ಐ ಕ್ಯಾನ್ ಆರ್ಡರ್ ಇಟ್ ರೈಟ್ ನೌ. ಹಾಫ್ ಆನ್ ಅವರ್.”

“ಬೇಡ ಪುಟ್ಟ” ಎಂದೆ. ಮೊಣಕಾಲು ಹಿಡಿದುಕೊಂಡು ಎದ್ದು ಫ್ರಿಜ್ಜಿನ ಹತ್ತಿರ ಹೋದೆ. ಅಲ್ಲಿದ್ದ ಪೆನ್ನಿನಿಂದ ‘ಫನ್’ ಕೆಳಗೆ ‘ಬಂದವರಿಗೆ’ ಎಂದು ಕನ್ನಡದಲ್ಲಿ ಬರೆದೆ.

“ವಾಟ್ ಡಸ್ ಇಟ್ ಸೇ?”

“ಒಂದು ಹಾಸಿಗೆ ಹೆಚ್ಚಿಗೆ ಹಾಕು ಅಂತ. ಅಲ್ಲಿ ನನ್ನದು ಮೂರು ತಿಂಗಳು ಬಾಕಿ ಉಂಟು.”