ಬರುವುದನ್ನು ನಿಲ್ಲಿಸಿದ ತಾಯಂದಿರು

ಸೆರೆಮನೆಯ ಭೇಟಿ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ರಿಜಿಸ್ಟರ್ ಬರೆದವಳಿಗೆ ಜೊತೆಯವರು ಇಟ್ಟ ಹೆಸರು ಡಾಕ್ಟ್ರಮ್ಮ. ಪದವಿ ಇನ್ನೂ ಕೈಗೆ ಬಂದಿರಲಿಲ್ಲ. ಹೆಸರು ಮಾತ್ರ ಐದು ವರ್ಷ ಮೊದಲೇ, ಅಪರಾಧ ನ್ಯಾಯ ವಿಷಯದಲ್ಲಿ ಪಿಎಚ್.ಡಿ.ಗೆ ಸೇರಿದ ದಿನವೇ ಬಂದಿತ್ತು. "ಡಾಕ್ಟ್ರಮ್ಮ, ಸೊಂಟ ಹಿಡ್ಕೊಂಡಿದೆ, ಒಂದು ಮಾತ್ರೆ ಕೊಡಿ" ಎಂದು ಗೇಟಿನ ಕಾವಲುಗಾರ ದಿನಾ ಕೆಣಕುತ್ತಿದ್ದ. "ನನ್ನ ಹತ್ರ ಮಾತ್ರೆ ಬೇಕಂದ್ರೆ ಮೊದಲು ಒಳಗೆ ಹೋಗಿ ಕೂತ್ಕೊಳ್ಳಪ್ಪಾ" ಎಂದು ಇವಳೂ ಬಿಡುತ್ತಿರಲಿಲ್ಲ.

ಅವಳ ಸಂಶೋಧನೆ ಯಾರಿಗಾದರೂ ಅರ್ಥವಾಗುವಂಥದ್ದು: ಕೈದಿಯನ್ನು ನೋಡಲು ಯಾರು ಬರುತ್ತಾರೆ, ಎಷ್ಟು ವರ್ಷ ಬರುತ್ತಾರೆ, ಯಾವಾಗ ನಿಲ್ಲಿಸುತ್ತಾರೆ. ಮೂರು ಸೆರೆಮನೆಗಳ ಹತ್ತು ವರ್ಷದ ರಿಜಿಸ್ಟರುಗಳನ್ನು ಪುಟಪುಟವಾಗಿ ಜಾಲಾಡಿದ್ದಳು. ಗೆಳೆಯರು ಆರು ತಿಂಗಳಿಗೆ ನಾಪತ್ತೆ. ಒಡಹುಟ್ಟಿದವರು ಎರಡು ವರ್ಷ ಎಳೆಯುತ್ತಾರೆ. ಹೆಂಡತಿಯರು ನಾಲ್ಕು. ತಾಯಂದಿರು ಬರುತ್ತಲೇ ಇರುತ್ತಾರೆ.

ಆ ಮೂರರಲ್ಲಿ ಒಂದು, ಬೇರೆ ಊರಿನ ಸೆರೆಮನೆಯಲ್ಲಿ ಅವಳ ತಮ್ಮನೇ ಇದ್ದ. ಜಗಳದಲ್ಲಿ ಅವನು ಹೊಡೆದ ಏಟಿಗೆ ಎದುರಿನವನು ಸತ್ತು, ಜೀವಾವಧಿ ಶಿಕ್ಷೆಯಾಗಿತ್ತು. ಕಚೇರಿಯಲ್ಲಿ ಇದು ಒಂದು ನರಪಿಳ್ಳೆಗೂ ಗೊತ್ತಿಲ್ಲ. ಅವಳು ಅವನನ್ನು ನೋಡಲು ಹೋಗಿದ್ದು ಮೂರೇ ಸಲ. ಅವಳ ಮನೆಯಲ್ಲೇ ಇದ್ದ ಅಮ್ಮ ಮಾತ್ರ ಒಂದು ತಿಂಗಳೂ ತಪ್ಪಿಸದೆ ಬಸ್ಸು ಹತ್ತುತ್ತಿದ್ದಳು, ಮೂರು ವರ್ಷದ ಹಿಂದೆ ತೀರಿಕೊಳ್ಳುವವರೆಗೆ.

ಆ ಸುದ್ದಿ ತಮ್ಮನಿಗೆ ಮುಟ್ಟಿರಲಿಲ್ಲ. ಮುಟ್ಟಿಸಬೇಕಾದವಳು ಇವಳೇ. ಆಗ ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು. ಗಂಡಿನ ಕಡೆಯವರಿಗೆ ಸೋದರಮಾವನ ವಿಷಯ ಹೇಳಿರಲಿಲ್ಲ. ಅಮ್ಮನ ಮುಖ ನೋಡಲೆಂದು ಅವನನ್ನು ಪೊಲೀಸರು ಕೋಳ ಹಾಕಿ ಮನೆ ಬಾಗಿಲಿಗೆ ಕರೆತಂದರೆ ಏನು ಗತಿ? ಮದುವೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡಳು. ಮದುವೆ ಮುಗಿಯಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವನು ಕೇಳಿದರೆ ಎಂಬ ಭಯ ಶುರುವಾಯಿತು. ಅಮ್ಮನ ಹೆಸರಿಗೆ ಅವನು ಬರೆದ ನಾಲ್ಕು ಪತ್ರಗಳನ್ನು ಒಡೆಯದೆ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ತಳ್ಳಿದಳು. ಐದನೆಯದು ಬರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಹಾಗೆಂದು ಅವಳನ್ನು ಕಲ್ಲೆದೆಯವಳು ಎನ್ನಲೂ ಬಾಯಿ ಬರುವುದಿಲ್ಲ, ಅಂಜುಬುರುಕಿ, ಅಷ್ಟೇ.

ಪ್ರಬಂಧದ ನಾಲ್ಕನೆಯ ಅಧ್ಯಾಯ ಓದಿದ ಮಾರ್ಗದರ್ಶಕಿ ಕನ್ನಡಕ ಹಣೆಗೇರಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಬರುವುದನ್ನು ನಿಲ್ಲಿಸಿದ ತಾಯಂದಿರು: ಹನ್ನೊಂದು.'

"ಇದನ್ನ ನಾನು ನಂಬಲ್ಲ. ಏಳೆಂಟು ವರ್ಷ ಬಂದವಳು ಇದ್ದಕ್ಕಿದ್ದ ಹಾಗೆ ಯಾಕೆ ನಿಲ್ಲಿಸ್ತಾಳೆ?"

"ರಿಜಿಸ್ಟರಲ್ಲಿ ಅಷ್ಟೇ ಇರೋದು ಮೇಡಂ. ಇದ್ದದ್ದನ್ನ ಬರೆದೆ."

"ಬರದೇ ಇದ್ದವರು ಯಾಕೆ ಬರಲಿಲ್ಲ ಅಂತ ರಿಜಿಸ್ಟರಿಗೆ ಹೇಗೆ ಗೊತ್ತಾಗುತ್ತಮ್ಮಾ? ಹನ್ನೊಂದು ಮನೆಗೂ ಹೋಗಿ ಕೇಳ್ಕೊಂಡು ಬಾ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗಾಯಿತು ಅವಳ ಪಾಡು. ಮೇಡಂ ಕೇಳಿದ್ದು ಬರೀ ಲೆಕ್ಕ, ಇವಳಿಗೆ ಬೆವರು. ಆ ಹನ್ನೊಂದರಲ್ಲಿ ಒಬ್ಬಳು ಅವಳ ಅಮ್ಮ. ರಿಜಿಸ್ಟರಿನಲ್ಲಿ ಇಲ್ಲದ್ದು ಪ್ರಬಂಧದಲ್ಲಿ ಇರಬಾರದು ಎಂಬ ನಿಯಮವನ್ನು ಎಲ್ಲರಿಗೂ ಒಂದೇ ಸಮ ಪಾಲಿಸಲು ಹೋಗಿ, ತನ್ನನ್ನು ಹೆತ್ತವಳನ್ನು ತನ್ನ ಕೈಯಾರೆ, ಮಗನನ್ನು ಕೈಬಿಟ್ಟವರ ಸಾಲಿಗೆ ಸೇರಿಸಿದ್ದಳು.

ರಜೆ ಹಾಕಿ ಹತ್ತು ಮನೆ ಸುತ್ತಿದಳು. ಏಳು ತಾಯಂದಿರು ತೀರಿಹೋಗಿದ್ದರು. ಇಬ್ಬರು ಹಾಸಿಗೆ ಹಿಡಿದಿದ್ದರು. ಒಬ್ಬಳಿಗೆ ನೆನಪು ಕೆಟ್ಟು, ಇವಳನ್ನೇ ಮಗ ಎಂದುಕೊಂಡು ಕೈ ಹಿಡಿದು "ಊಟ ಆಯ್ತೇನೋ?" ಎಂದಳು. ತಾನಾಗಿ ನಿಲ್ಲಿಸಿದವಳು ಒಬ್ಬಳೂ ಇಲ್ಲ. ಇವಳ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಒಳಗಿರುವವನಿಗೆ ತಿಳಿಸಿದ್ದೀರಾ? ಕೈದಿಯೊಬ್ಬನ ಅಣ್ಣ, ದರ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದ: "ತಿಳಿಸದೆ ಇರ್ತೀವಾ? ಅಮ್ಮ ಹೋದ್ಲು ಅಂತ ಅವನೂ ಸತ್ತಹಾಗಾ?" ಆ ಉತ್ತರವನ್ನು ಬರೆದುಕೊಳ್ಳಲು ಅವಳ ಕೈ ಏಳಲಿಲ್ಲ.

ಹನ್ನೊಂದನೆಯ ಮನೆ ಅವಳದೇ.

ಮುಂದಿನ ವಾರ ಅಮ್ಮ ಹತ್ತುತ್ತಿದ್ದ ಬಸ್ಸು ಹತ್ತಿದಳು. ಆ ಸೆರೆಮನೆಯಲ್ಲಿ ರಿಜಿಸ್ಟರ್ ಬರೆಯುವವನು "ಕೈದಿಗೆ ನೀವು ಏನಾಗಬೇಕು?" ಎಂದಾಗ "ಅಕ್ಕ" ಎಂದಳು. ಜಾಲರಿಯ ಆಚೆ ತಮ್ಮ ಬಂದು ಕೂತ. ಕೂದಲು ಅರ್ಧ ಬೆಳ್ಳಗಾಗಿತ್ತು. ಅವನು ಅವಳ ಬೆನ್ನ ಹಿಂದೆ ನೋಡಿದ, ಇನ್ನೊಬ್ಬರು ಬಂದಿದ್ದಾರೇನೋ ಎಂದು.

"ಒಬ್ಳೇ ಬಂದ್ಯಾ ಅಕ್ಕಾ?"

"ಹ್ಞೂಂ ಕಣೋ."

"ಅಮ್ಮಂಗೆ ನಾನು ಅಷ್ಟು ಬೇಡವಾದ್ನಾ?"

ಬಸ್ಸಿನಲ್ಲಿ ಅವಳು ಹತ್ತು ಬಗೆಯಲ್ಲಿ ಮಾತು ಜೋಡಿಸಿಕೊಂಡಿದ್ದಳು. ಒಂದೂ ನೆನಪಾಗಲಿಲ್ಲ. "ಅಮ್ಮ ಹೋಗ್ಬಿಟ್ಳು ಕಣೋ" ಎಂದಳು. "ಮೂರು ವರ್ಷ ಆಯ್ತು. ನಾನೇ ಹೇಳ್ಲಿಲ್ಲ."

ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ತನ್ನ ಅಂಗೈ ನೋಡಿಕೊಳ್ಳುತ್ತಾ ಕೂತ.

"ಕೊನೇ ಸಲ ಬಂದಾಗ ಮಂಡಿ ನೋವು ಅಂದಿದ್ಲು. ಬರದೇ ಇರೋಕೆ ನೆಪ ಅಂದ್ಕೊಂಡೆ" ಎಂದ. ಆಮೇಲೆ, "ಮೂರು ವರ್ಷದಿಂದ ದಿನಾ ಅವಳನ್ನ ಬೈಕೊಂಡೇ ಮಲಗ್ತಿದ್ದೀನಿ ಅಕ್ಕಾ. ಹೆತ್ತವಳೇ ಬಿಟ್ಟುಬಿಟ್ಲು ಅಂತ."

ಅವಳು ಜಾಲರಿಗೆ ಕೈ ಇಟ್ಟಳು. ಅವನು ಎದ್ದು, ಹಿಂತಿರುಗಿ ನೋಡದೆ ಒಳಗೆ ಹೋದ. ಭೇಟಿಗೆ ಕೊಟ್ಟಿದ್ದ ಇಪ್ಪತ್ತು ನಿಮಿಷದಲ್ಲಿ ಇನ್ನೂ ಹದಿನಾರು ಉಳಿದಿದ್ದವು. ಅಷ್ಟು ಹೊತ್ತೂ ಅವಳು ಖಾಲಿ ಕುರ್ಚಿಯ ಎದುರು ಕೂತು ಅತ್ತಳು.