ಎರೆಹುಳುವಿಗೆ ಅರಿಶಿನ ಕುಂಕುಮ

ಎರೆಹುಳುವಿನ ಬಗ್ಗೆ ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದೆ, ಆದರೆ ಒಂದನ್ನೂ ಮುಟ್ಟಿರಲಿಲ್ಲ. ಈ ಗುಟ್ಟು ನನ್ನ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ. ಹಾಸನದ ಹೈಸ್ಕೂಲಿನ ಕರಿಹಲಗೆಯ ಮೇಲೆ ಅದರ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ. ಉಂಗುರ ಉಂಗುರದ ಮೈ, ಕಣ್ಣಿಲ್ಲ, ಕಿವಿಯಿಲ್ಲ, ಚರ್ಮದಲ್ಲೇ ಉಸಿರಾಟ, ರೈತನ ಮಿತ್ರ. ಮಳೆಗಾಲದಲ್ಲಿ ಆ ಮಿತ್ರ ಸ್ಕೂಲಿನ ಮೆಟ್ಟಿಲ ಮೇಲೆ ನಿಜವಾಗಿ ಕಾಣಿಸಿಕೊಂಡರೆ ಮಾತ್ರ ಸೀರೆ ಎತ್ತಿ ಹಿಡಿದು ಸುತ್ತು ಹಾಕಿ ಹೋಗುತ್ತಿದ್ದೆ.

ಅಂಥವಳು ನಿವೃತ್ತಿಯಾದ ಮೇಲೆ ಎರೆಗೊಬ್ಬರದ ವ್ಯಾಪಾರಕ್ಕೆ ಇಳಿದರೆ ಮನೆಯವರು ನಗದೆ ಇನ್ನೇನು ಮಾಡಿಯಾರು? ನನ್ನ ಪಾಲುದಾರಳು ರತ್ನಮ್ಮ. ಹಾಸನದ ಹತ್ತಿರ ಮೊಸಳೆ ಎಂಬ ಊರು ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರಿನವಳು, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ. ಜಾಗ, ಎರಡು ಹಸು, ಸಗಣಿ, ಮೈಮುರಿಯುವ ಕೆಲಸ ಆಕೆಯದು. ಇಟ್ಟಿಗೆಯ ತೊಟ್ಟಿ, ಹುಳು ಮತ್ತು ತಿಳಿವಳಿಕೆ ನನ್ನದು. ತಿಳಿವಳಿಕೆ ಎಷ್ಟಿತ್ತು ಎಂಬುದು ನಿಮಗೇ ಗೊತ್ತಾಗುತ್ತದೆ. ತೊಟ್ಟಿ ಕಟ್ಟಿ ಮುಗಿದ ದಿನವೇ ರತ್ನಮ್ಮ ಬೀದಿ ನಲ್ಲಿಯ ಹತ್ತಿರ ಹತ್ತು ಜನರ ಮುಂದೆ ಹೇಳಿಬಿಟ್ಟಿದ್ದಳು: "ಇನ್ಮ್ಯಾಕೆ ನಾನು ಯಾರ ಒಲಕ್ಕೂ ಕೂಲಿಗೆ ಓಗಾಕಿಲ್ಲ ಕಣ್ರವ್ವಾ." ಇಪ್ಪತ್ತು ವರ್ಷ ಬೇರೆಯವರ ಶುಂಠಿ, ಆಲೂಗೆಡ್ಡೆ ಹೊಲದಲ್ಲಿ ದುಡಿದವಳ ಮಾತು ಅದು. ವ್ಯಾಪಾರ ಕೈಕೊಟ್ಟರೆ ನನಗೆ ಪೆನ್ಷನ್ ಇತ್ತು. ಆಕೆ ಮಾತ್ರ ಅದೇ ನಲ್ಲಿಯ ಮುಂದೆ ತಲೆ ತಗ್ಗಿಸಿಕೊಂಡು ಮತ್ತೆ ಕೂಲಿಗೆ ಹೋಗಬೇಕಿತ್ತು.

ಹುಳು ತರಲು ಚನ್ನರಾಯಪಟ್ಟಣಕ್ಕೆ ಹೋದೆವು. ಅಲ್ಲಿ ತೆಂಗಿನ ತೋಟದವರೊಬ್ಬರು ಒದ್ದೆ ಗೋಣಿಚೀಲದಲ್ಲಿ ಸಗಣಿಯ ಸಮೇತ ಹುಳು ತುಂಬಿಕೊಟ್ಟರು. ವಾಪಸ್ ಬರುವಾಗ ಬಸ್ಸಿನ ಕಂಡಕ್ಟರು ಅನುಮಾನದಿಂದ ನೋಡಿದ. "ಏನಮ್ಮ ಚೀಲದಾಗೆ?" ರತ್ನಮ್ಮ ಸುಳ್ಳು ಹೇಳುವವಳಲ್ಲ. "ಉಳ ಕಣಣ್ಣ. ಜೀವ ಐತೆ." ನಮ್ಮ ಬಸ್ಸಿನಲ್ಲಿ ಕೋಳಿಗೂ ಅರ್ಧ ಟಿಕೆಟ್ಟು ಎಂಬುದು ನಿಮಗೆ ಗೊತ್ತೇ ಇದೆ. ಆತ ಟಿಕೆಟ್ ಮಿಷನ್ನನ್ನು ನೋಡಿದ, ಚೀಲ ನೋಡಿದ. "ಎಷ್ಟವೆ?" ಎಂದ. "ನೀನೇ ಎಣಿಸ್ಕೊ" ಎಂದು ರತ್ನಮ್ಮ ಚೀಲದ ಬಾಯಿ ಬಿಚ್ಚಿದಳು. ಮುಂದಿನ ಸೀಟಿಗೆ ಹೋದ ಕಂಡಕ್ಟರು ಹಾಸನದವರೆಗೆ ನಮ್ಮ ಕಡೆ ತಿರುಗಿ ಬರಲಿಲ್ಲ.

ತೊಟ್ಟಿಗೆ ಹುಳು ಬಿಟ್ಟ ಶುಕ್ರವಾರ ಊರಿನ ಹೆಂಗಸರೆಲ್ಲ ಬಂದರು. ಹೊಸ ಹಸು ಬಂದರೂ, ಹೊಸ ಮಿಕ್ಸಿ ಬಂದರೂ ಅರಿಶಿನ ಕುಂಕುಮ ಇಡುವವರು ನಾವು. ಹುಳುವಿಗೆ ಮಾತ್ರ ಬೇಡವೆ? ಹುಳುವಿನ ಹಣೆ ಯಾವ ಕಡೆ ಎಂದು ತಿಳಿಯದೆ ತೊಟ್ಟಿಯ ತುಂಬ ಎರಚಿದರು. ಇರುವೆ ಬರದಿರಲೆಂದು ಅರಿಶಿನದ ಗೆರೆ ಎಳೆಯುವುದೇಕೆ ಎಂದು ಮಕ್ಕಳಿಗೆ ವಿವರಿಸಿದ್ದ ವಿಜ್ಞಾನದ ಮೇಡಮ್ಮು ಅಲ್ಲೇ ಇದ್ದಳಲ್ಲ, ತಡೆಯಲಿಲ್ಲವೆ ಎನ್ನುತ್ತೀರಾ? ಎಲ್ಲರೂ ಚಿಟಿಕೆ ಹಾಕಿದರೆ ನಾನು ಹಿಡಿ ಹಾಕಿದೆ.

ಮರುದಿನ ಬೆಳಿಗ್ಗೆ ಫೋನು ಬಂತು. "ಮೇಡಮ್ಮೋರೆ, ಬಿರ್ರನೆ ಬನ್ನಿ. ಎಲ್ಲ ಎದ್ದು ಒಂಟೋಯ್ತಾ ಅವೆ!"

ಆಟೊ ಹಿಡಿದು ಓಡಿದೆ. ಹುಳುಗಳು ತೊಟ್ಟಿಯ ಗೋಡೆ ಹತ್ತಿ ಇಳಿದು ಕೊಟ್ಟಿಗೆಯ ಅಂಗಳದಲ್ಲೆಲ್ಲ ಹರಡಿಕೊಂಡಿದ್ದವು. ಬಿಸಿಲು ಆಗಲೇ ಗೋಡೆಯ ಮೇಲಿತ್ತು. ಅದು ಅಂಗಳಕ್ಕೆ ಇಳಿದರೆ ಅವೆಲ್ಲ ಒಣಗಿ ದಾರವಾಗುತ್ತಿದ್ದವು. ರತ್ನಮ್ಮ ಮಂಡಿಯೂರಿ ಎರಡೂ ಕೈಯಲ್ಲಿ ಬಾಚುತ್ತಿದ್ದಳು, ಅಳುತ್ತಲೂ ಇದ್ದಳು. ನಾನು ಸುತ್ತಮುತ್ತ ಒಂದು ಕಡ್ಡಿ ಹುಡುಕಿದೆ.

"ಕಡ್ಡೀಲೆತ್ತಿದ್ರೆ ಗಾಯಾಯ್ತದೆ. ಕೈ ಆಕಿ ಮೇಡಮ್ಮೋರೆ!"

ಇಪ್ಪತ್ತೆಂಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಗದರಿಸಿರಲಿಲ್ಲ. ಕೈ ಹಾಕಿದೆ.

ಅಂಗೈಯಲ್ಲಿ ಒಂದು ಹುಳು. ತೂಕವೇ ಇಲ್ಲ, ಬರೀ ತಣ್ಣಗೆ. ಆಮೇಲೆ ಅದು ಮೈ ಚಾಚಿ, ಎಳೆದುಕೊಂಡು ಮುಂದೆ ಸರಿಯಿತು. ಆಗ ನನ್ನ ಚರ್ಮವನ್ನು ಏನೋ ಸಣ್ಣಗೆ ಹಿಡಿದು ಬಿಟ್ಟಂತಾಯಿತು. ಬಿರುಗೂದಲು! ಚಲನೆಗೆ ಸಹಾಯಕ ಎಂದು ಎಷ್ಟು ನೋಟ್‌ಬುಕ್ಕುಗಳಲ್ಲಿ ಬರೆಸಿದ್ದೆನೋ ಆ ಬಿರುಗೂದಲು ಹೀಗಿರುತ್ತದೆಂದು ನನಗೇ ಗೊತ್ತಿರಲಿಲ್ಲ. ಮೈ ಜುಮ್ಮೆಂದಿತು, ಅಸಹ್ಯದಿಂದಲ್ಲ. ಕಣ್ಣೇ ಇಲ್ಲದ ಜೀವ ಬೆಳಕು ಯಾವ ಕಡೆಯದೆಂದು ತಿಳಿದು ನನ್ನ ಬೆರಳ ಸಂದಿಯ ಕತ್ತಲಿಗೆ ತಲೆ ತೂರಿಸುತ್ತಿತ್ತು.

ಹುಳುಗಳ ಮೈ ಉರಿಸಿ ಓಡಿಸಿದ್ದ ಅರಿಶಿನವನ್ನು ಮೇಲ್ಪದರದ ಸಮೇತ ಕೆರೆದು ಹೊರಗೆ ಹಾಕಿದೆವು. ಸಿಕ್ಕಷ್ಟು ಹುಳುಗಳನ್ನು ಹಳೆಯ ಸಗಣಿಗೆ ಸೇರಿಸಿ ಒದ್ದೆ ಗೋಣಿ ಹೊದಿಸಿದೆವು. "ಅದಿನೈದು ದಿನ ಯಾರೂ ಎತ್ತಂಗಿಲ್ಲ" ಎಂದು ರತ್ನಮ್ಮ ಆಜ್ಞೆ ಹೊರಡಿಸಿದಳು. ಬದುಕಿದವೋ ಸತ್ತವೋ ತಿಳಿಯದೆ ದಿನಾ ಗೋಣಿಯ ಮೇಲೆ ನೀರು ಚಿಮುಕಿಸುವುದಷ್ಟೇ ಅವಳ ಕೆಲಸ, ಫೋನು ಮಾಡಿ ಕೇಳುವುದಷ್ಟೇ ನನ್ನದು.

ಆ ನಡುವೆ ನೆಂಟರನ್ನು ಹಳೇಬೀಡಿಗೆ ಕರೆದೊಯ್ದೆ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆ, ಕಥೆ, ದೇವರು. ಭಾರ ಹೊರುವವರು ಕೆಳಗಿರಬೇಕೆಂಬುದು ಶಿಲ್ಪಿಗೆ ಗೊತ್ತಿತ್ತು. ಆ ಆನೆಗೆ ಹಸಿರು ಮೇವು ಎಲ್ಲಿಂದ ಬಂತು ಎಂದು ಅವನು ಯೋಚಿಸಿದ್ದರೆ ಎರೆಹುಳುವಿನದೂ ಒಂದು ಸಾಲು ಕೆಳಗೆ ಕೆತ್ತುತ್ತಿದ್ದನಲ್ಲವೆ? ನೆಂಟರಿಗೆ ಇದನ್ನು ಹೇಳಿದೆ. ಅವರು ನನ್ನ ನಿದ್ದೆ, ಬಿಪಿ ವಿಚಾರಿಸಿಕೊಂಡರು.

ಹದಿನೈದನೆಯ ದಿನ ಗೋಣಿ ಎತ್ತಿದೆವು. ಮೇಲೆ ಸಗಣಿಯೇ ಇರಲಿಲ್ಲ. ಟೀಪುಡಿಯಂಥ ಕಪ್ಪು ಹರಳು, ಮೂಸಿದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಕೆದಕಿದರೆ ಕೆಂಪು ಹುಳುಗಳು, ಅವುಗಳ ನಡುವೆ ಸಾಸಿವೆಗಿಂತ ತುಸು ದೊಡ್ಡ ಹಳದಿ ಮೊಟ್ಟೆಗಳು. "ಮೊಟ್ಟೆ ಇಕ್ಕವೆ ಮೇಡಮ್ಮೋರೆ" ಎಂದು ರತ್ನಮ್ಮ ಪಿಸುಗುಟ್ಟಿದಳು, ಬಾಣಂತಿ ಕೋಣೆಯಲ್ಲಿ ಮಾತಾಡುವ ಹಾಗೆ. ನಾವು ಅಷ್ಟು ಅವಾಂತರ ಮಾಡಿಟ್ಟ ಮೇಲೂ, ಕತ್ತಲಲ್ಲಿ, ಒಂದಿಷ್ಟೂ ಸದ್ದಿಲ್ಲದೆ, ಯಾರೂ ಹೇಳಿಕೊಡದೆ ಅವು ಹೊಲಸನ್ನು ಮಣ್ಣು ಮಾಡುತ್ತಿದ್ದವು. ಕಡ್ಡಿ ಹುಡುಕದೆ ನಾನೇ ಕೈ ಹಾಕಿ ಒಂದು ಹಿಡಿ ಎತ್ತಿಕೊಂಡೆ. ಸೀರೆ ಎತ್ತಿ ಹಿಡಿದು ಸುತ್ತು ಹಾಕಿ ಹೋಗುತ್ತಿದ್ದವಳಿಗೆ ಇದು ಸಣ್ಣ ಸಂಗತಿಯಲ್ಲ.

ಮೊದಲ ಗೊಬ್ಬರವನ್ನು ಅರಕಲಗೂಡಿನ ನರ್ಸರಿಯವರೊಬ್ಬರು ಒಯ್ದರು, ಮುಂದಿನದನ್ನೂ ತಮಗೇ ಇಡಿ ಎಂದರು. ಒಂದು ತೊಟ್ಟಿ ಈಗ ನಾಲ್ಕಾಗಿದೆ. ಮೊನ್ನೆ ನಾನು ಅಲ್ಲಿದ್ದಾಗ, ಊರಿನ ದೊಡ್ಡ ಜಮೀನಿನ ಗೌಡರು ರಸ್ತೆಯಲ್ಲೇ ಬೈಕು ನಿಲ್ಲಿಸಿ ಕೂಗಿದರು. "ರತ್ನಿ, ನಾಳೀಕೆ ಶುಂಠಿ ಕೀಳಾಕೆ ಬಂದ್ಬುಡು ಕಣಮ್ಮಿ. ಆಳೇ ಸಿಗ್ತಿಲ್ಲ."

ರತ್ನಮ್ಮ ಗೊಬ್ಬರ ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ. "ಆಗಾಕಿಲ್ಲ ಗೌಡ್ರೆ. ನಮ್ಮನೇಲೇ ಸಾವ್ರಾರು ಆಳವ್ರೆ, ಬುಟ್ಟು ಬರಾಕಾಯ್ತದಾ?"

"ಯಾವ ಆಳಮ್ಮಿ? ಎಲ್ಲವ್ರೆ?"

ಆಕೆ ತೊಟ್ಟಿಯ ಗೋಣಿಯ ಒಂದು ಅಂಚು ಎತ್ತಿದಳು. ಗೌಡರು ಬೈಕಿನಿಂದ ಇಳಿದು ಬಂದರು. ಎರೆಹುಳು ನೋಡಬೇಕಾದರೆ ಯಾರೇ ಆಗಲಿ ಬಗ್ಗಲೇಬೇಕು. ಅವರು ಮಂಡಿಯ ಮೇಲೆ ಕೈಯೂರಿ ಬಗ್ಗಿದರು. ರತ್ನಮ್ಮ ಪಕ್ಕದಲ್ಲಿ ನೆಟ್ಟಗೆ ನಿಂತು, "ನಿದಾನ್ವಾಗಿ ನೋಡಿ ಗೌಡ್ರೆ, ಏನವಸರ" ಎಂದಳು.