ತಣ್ಣಗಿದ್ದಾಗಲೇ ಕೇಳಬೇಕಾದ ಸದ್ದು

ಹಾಲಾಡಿ ಪೇಟೆಗೆ ಮೊದಲ ಬಸ್ಸು ಇನ್ನೂ ಬಂದಿಲ್ಲ. ಶಂಕರನಾರಾಯಣಕ್ಕೆ ಹೋಗುವ ರಸ್ತೆಯ ಬದಿ, ತಗಡಿನ ಮಾಡಿನಡಿ ಪಾಂಡು ಒಂದು ಹಳೆಯ ಬಿಳಿ ಕಾರಿನ ಬಾನೆಟ್ ಎತ್ತಿ ನಿಂತಿದ್ದಾರೆ. ನಿನ್ನೆ ಸಂಜೆಯೇ ತಂದು ನಿಲ್ಲಿಸಿದ ಕಾರು. ಅಂಗೈಯನ್ನು ಎಂಜಿನ್ನಿನ ಮೇಲಿಟ್ಟು ನೋಡುತ್ತಾರೆ. ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿದೆ. ಸಮಾಧಾನವಾಗುತ್ತದೆ.

"ಹ್ಞಾ, ಈಗ ಚಾಲು ಮಾಡ್ ಹೆಣೆ. ಎಕ್ಸಿಲೇಟರ್ ಮುಟ್ಬೇಡ. ಮಾತೂ ಆಡ್ಬೇಡ."

ಸೀಟಿನಲ್ಲಿ ಕೂತವಳು ಗಂಗೊಳ್ಳಿಯ ಸೌಜನ್ಯ. ರಾತ್ರಿ ಇಲ್ಲೇ ಚಿಕ್ಕಮ್ಮನ ಮನೆಯಲ್ಲಿ ಉಳಿದು ಬೆಳಗಿಗೇ ಬಂದಿದ್ದಾಳೆ. ಕೀಲಿ ತಿರುಗಿಸುತ್ತಾಳೆ. ಎಂಜಿನ್ ಏಳುತ್ತದೆ, ಅದರ ಬೆನ್ನಿಗೇ ಟಕ್ ಟಕ್ ಟಕ್ ಎಂದು ಸಣ್ಣ ಸದ್ದು. ಪಾಂಡು ಕೈಯಲ್ಲಿರುವುದು ಹಳೆಯ ಕೊಡೆಯೊಂದರ ಕಬ್ಬಿಣದ ನಡುಗೋಲು. ಅದರ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಮರದ ಹಿಡಿಯನ್ನು ಎಡಗಿವಿಗೆ ಒತ್ತಿ ಹಿಡಿದು, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಾರೆ. ಒಂದು, ಎರಡು, ಮೂರು.

ಅರವತ್ತೊಂದು ವರ್ಷದ ಪಾಂಡು ಇದೇ ಮಾಡಿನಡಿ ಮೂವತ್ತೈದು ವರ್ಷದಿಂದ ಹೀಗೆ ಎಣಿಸುತ್ತಿದ್ದಾರೆ. ಏಳನೇ ತರಗತಿ ಮುಗಿಯುವ ಮೊದಲೇ ಮುಂಬೈಗೆ ಹೋದವರು. ಅಲ್ಲಿನ ಗ್ಯಾರೇಜಿನಲ್ಲಿ ಕಲಿತದ್ದು ಈ ಟ್ಯಾಪೆಟ್ಟಿನ ವಿದ್ಯೆ. ಎಂಜಿನ್ನಿನ ವಾಲ್ವ್ ಎಂಬ ಬಾಗಿಲುಗಳನ್ನು ತೆರೆದು ಮುಚ್ಚಲು ನೆರವಾಗುವ ಉಕ್ಕಿನ ಗುಂಡಿ ಅದು. ಈ ಜಾತಿಯದು ಹೊಟ್ಟೆಯಲ್ಲಿ ಆಯಿಲ್ ತುಂಬಿಕೊಂಡು ತನ್ನ ಸಡಿಲವನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಗಾಡಿ ರಾತ್ರಿಯಿಡೀ ನಿಂತರೆ ಆಯಿಲ್ ಕೆಳಗಿಳಿಯುತ್ತದೆ. ಬೆಳಿಗ್ಗೆ ಮತ್ತೆ ಹತ್ತುವವರೆಗೆ ಟಕ್ ಟಕ್.

"ಹತ್ತ್ ಎಣ್ಸುದ್ರೊಳ್ಗೆ ನಿಂತ್ರೆ ಹೆದ್ರಿಕೆ ಇಲ್ಲೆ. ಇಪ್ಪತ್ತಾದ್ರೂ ನಿಲ್ದಿದ್ರೆ ಒಳ್ಗೆ ಎಂತದೋ ಇತ್ತ್ ಅಂತ ಲೆಕ್ಕ. ಅದಕ್ಕೇ ನಾನ್ ಎಲ್ಲರಿಗೂ ಹೇಳುದ್, ಹಿಂದಿನ್ ದಿನವೇ ತಂದ್ ಬಿಡಿ ಅಂತ. ಓಡ್ಸ್ಕಂಡ್ ಬಂದ ಬಿಸಿ ಗಾಡಿ ಸುಳ್ಳ್ ಹೇಳತ್ತ್ ಮಾರಾಯ್ರೆ," ಎನ್ನುತ್ತಾರೆ ಪಾಂಡು.

ಒಂದು ಕಾಲದಲ್ಲಿ ದಿನಕ್ಕೆ ನಾಲ್ಕೈದು ಗಾಡಿ ಈ ಅಂಗಳದಲ್ಲಿ ರಾತ್ರಿ ಕಳೆಯುತ್ತಿದ್ದವು. ಈಗ ವಾರಕ್ಕೆ ಎರಡೋ ಮೂರೋ. ಹೊಸ ಕಾರುಗಳ ರೋಗವನ್ನು ಕಂಪ್ಯೂಟರೇ ಹೇಳುತ್ತದೆ. ಕೋಲು ಹಿಡಿದು ಹಿಡಿದು ಪಾಂಡು ಅವರ ಬಲಗಿವಿ ಮಂದವಾಗಿದೆ. "ಬಲಗಿವಿ ಎಂಜಿನ್ನಿಗೆ ಕೊಟ್ರ್. ಎಡಗಿವಿ ಆದ್ರೂ ನಂಗಿರ್ಲಿ ಅಂದ್ರೆ, ಈಗ ಅದನ್ನೂ ಅದ್ಕೇ ಕೊಡ್ತ್ರ್," ಎಂದು ಮಡದಿ ಪ್ರಭಾವತಿ ಕಟ್ಟೆಯ ಮೇಲೆ ಚಾ ಇಟ್ಟು ಹೋಗುತ್ತಾರೆ.

ಎಣಿಕೆ ಇಪ್ಪತ್ತಾರಕ್ಕೆ ಬಂದರೂ ಸದ್ದು ನಿಲ್ಲುವುದಿಲ್ಲ. ಪಾಂಡು ಕೈ ಎತ್ತುತ್ತಾರೆ. ಸೌಜನ್ಯ ಎಂಜಿನ್ ಬಂದ್ ಮಾಡುತ್ತಾಳೆ.

"ಕುಂದಾಪುರದಗೆ ತೋರ್ಸಿದ್ದೆ ಮಾವ. ಎಂಜಿನ್ನೇ ಬದಲ್ ಮಾಡ್ಕ್ ಅಂದ್ರ್. ಅಮ್ಮ ಹೇಳ್ತ್, ಸುಮ್ನೆ ಹಾಲಾಡಿ ಪಾಂಡಣ್ಣನ ಹತ್ರ ಕೊಂಡ್ಹೋಗ್, ನಿನ್ನ ಅಪ್ಪಯ್ಯ ಬೇರೆ ಯಾರನ್ನೂ ನಂಬ್ತಿರ್ಲಿಲ್ಲೆ ಅಂತ."

ಪಾಂಡು ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುತ್ತಾರೆ. ಒಂದು ಸಲ ಸಾಕಿತ್ತು. ಮೂರು ಸಲ ನೋಡುತ್ತಾರೆ.

ಸೌಜನ್ಯಳ ಅಪ್ಪ ಚಂದ್ರ, ಅಮ್ಮ ಜಲಜ. ಹನ್ನೆರಡು ವರ್ಷದ ಹಿಂದೆ ಅವರಿಗೂ ಇಂಥದೇ ಒಂದು ಹಳೆಯ ಕಾರಿತ್ತು. ಹಿಂದಿನ ಸೀಟು ತೆಗೆದು, ಪ್ಲಾಸ್ಟಿಕ್ ಹಾಸಿ, ಗಂಗೊಳ್ಳಿಯಿಂದ ಮೀನು ತುಂಬಿಸಿಕೊಂಡು ಗಂಡ ಹೆಂಡಿರಿಬ್ಬರೂ ಊರೂರು ತಿರುಗುತ್ತಿದ್ದರು. ಒಂದು ದಿನ ಕಾರು ಟಕ್ ಟಕ್ ಎನ್ನುತ್ತಲೇ ಈ ಅಂಗಳಕ್ಕೆ ಬಂತು. ಎಂಜಿನ್ ಕಾದ ಕಾವಲಿ. ಹಿಂದೆ ಐಸು ಕರಗಿ ನೀರು ಸೋರುತ್ತಿತ್ತು.

"ಹ್ವಾಯ್ ಪಾಂಡಣ್ಣ, ಬೇಗ ಕಾಣಿ! ಗಾಡಿ ನಾಳೆವರೆಗೆ ಕಾಯತ್ತ್, ಬಂಗುಡೆ ಕಾಯತ್ತಾ?" ಎಂದು ಕೂಗಿದ್ದರು ಜಲಜ. ಅವರ ಬಾಯಿ ಹಾಲಾಡಿ ಪೇಟೆಗೇ ಗೊತ್ತು. ಮೀನು ಮುಟ್ಟಿ ಮುಟ್ಟಿ ನೋಡಿ ಕೊಳ್ಳದೆ ಹೋದವರಿಗೆ ಅವರು ಬೈದದ್ದು ಮೂರು ಅಂಗಡಿಯಾಚೆಗೂ ಕೇಳುತ್ತದೆ.

ಬಿಟ್ಟು ಹೋಗಿ ಎನ್ನಬೇಕಿತ್ತು. ಪಾಂಡು ಅನ್ನಲಿಲ್ಲ. ಬಿಸಿ ಎಂಜಿನ್ನಿಗೇ ಕೋಲು ಹಿಡಿದು, ಟ್ಯಾಪೆಟ್ ಅಷ್ಟೇ ಎಂದು ಹೇಳಿ, ದಪ್ಪ ಆಯಿಲ್ ಹಾಕಿದರು. ಸದ್ದು ನಿಂತಿತು. ಚಂದ್ರ ನಕ್ಕು ಕೈ ಮುಗಿದು ಹೋದರು.

ಇಪ್ಪತ್ತನೇ ದಿನ ಸಾಸ್ತಾನದ ಹತ್ತಿರ, ಮೀನು ತುಂಬಿದ ಕಾರಿನ ಎಂಜಿನ್ ಜಾಮ್ ಆಗಿ ನಿಂತಿತು. ಟೆಂಪೊಗೆ ಕಟ್ಟಿ ಎಳೆದು ತಂದರು. ಚಂದ್ರ ಚಾ ಕುಡಿಯಲು ಹೋದಾಗ ಪಾಂಡು ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ನೋಡಿದರು. ಆಯಿಲನ್ನು ಮೇಲಕ್ಕೆ ಎಳೆಯುವ ಜಾಲರಿ ಕರಿ ಜಿಡ್ಡಿನಲ್ಲಿ ಕಟ್ಟಿಹೋಗಿತ್ತು. ತೆಳು ಆಯಿಲೇ ಕಷ್ಟದಲ್ಲಿ ದಾಟುತ್ತಿದ್ದ ಜಾಲರಿಯಲ್ಲಿ ದಪ್ಪ ಆಯಿಲ್ ಹೇಗೆ ದಾಟೀತು? ಒಂದು ರಾತ್ರಿ ತಣಿಸಿ ಕೇಳಿದ್ದರೆ, ಆಯಿಲ್ ಹತ್ತಲು ತಡವಾಗುವುದು ಎಣಿಕೆಯಲ್ಲೇ ಸಿಕ್ಕಿಬೀಳುತ್ತಿತ್ತು.

ಚಂದ್ರ ಚಾ ಕುಡಿದು ಬಂದು ಎಂತಾಯ್ತು ಎಂದು ಕೇಳಿದರು. ಎಂಜಿನ್ನಿನ ಆಯುಷ್ಯ ಮುಗಿಯಿತು ಎಂದರು ಪಾಂಡು.

"ಅಷ್ಟೇ ಹೇಳ್ದೆ. ಚಂದ್ರನೇ ನನ್ನ ಬೆನ್ನ್ ತಟ್ಟಿ, ಬಿಡಿ ಪಾಂಡಣ್ಣ, ಹಳೆ ಗಾಡಿ, ನೀವೆಂತ ಮಾಡುಕಾತ್ತ್ ಅಂದ. ಆ ತಟ್ಟಿದ್ದ್ ಈಗ್ಲೂ ಬೆನ್ನಗ್ ಇತ್ತ್."

ಕಾರು ಗುಜರಿಗೆ ಹೋಯಿತು. ಚಂದ್ರ ಬೇರೆಯವರ ಬೋಟಿಗೆ ಹೋದರು. ಜಲಜ ಮತ್ತೆ ಬುಟ್ಟಿ ಹೊತ್ತು ಬಸ್ಸು ಹತ್ತಿದರು. ಆ ಬಸ್ಸು ನಿಲ್ಲುವುದು ಪಾಂಡು ಗ್ಯಾರೇಜಿನ ಎದುರಿಗೇ. ಬಸ್ಸಿನ ಮೆಟ್ಟಿಲಿಳಿಯುವಾಗ ಜಲಜ ಮೊಣಕಾಲು ಹಿಡಿದುಕೊಳ್ಳುವುದನ್ನು ಅವರು ಹನ್ನೆರಡು ವರ್ಷ ಕಂಡಿದ್ದಾರೆ. ಇಳಿದ ಮೇಲೆ ಜಲಜ ಇತ್ತ ತಿರುಗಿ, "ಹ್ವಾಯ್ ಪಾಂಡಣ್ಣ, ಒಳ್ಳೆ ಬೂತಾಯಿ ಇತ್ತ್!" ಎಂದು ಕೂಗುತ್ತಾರೆ. ಕೊಂಡರೆ ಮೇಲಿಂದ ಎರಡು ಮೀನು ಹೆಚ್ಚಿಗೇ ಹಾಕುತ್ತಾರೆ. ಆ ಎರಡು ಮೀನನ್ನು ಪಾಂಡು ತಿಂದದ್ದಿಲ್ಲ, ಬೆಕ್ಕಿಗೆ ಹಾಕುತ್ತಾರೆ ಎನ್ನುತ್ತಾರೆ ಪ್ರಭಾವತಿ. ಯಾಕೆಂದು ಅವರಿಗೂ ತಿಳಿದಿರಲಿಲ್ಲ.

ಮೂರು ವರ್ಷದ ಹಿಂದೆ ಚಂದ್ರ ಕಾಯಿಲೆ ಬಿದ್ದರು. ಪಾಂಡು ಎರಡು ಸಲ ನೋಡಲು ಹೋದರು. ಎರಡು ಸಲವೂ ಮಳೆಯ ವಿಷಯ, ಮೀನಿನ ವಿಷಯ ಮಾತಾಡಿ ಎದ್ದು ಬಂದರು. ಮೂರನೇ ಸಲ ಹೋಗುವಾಗ ಅಂಗಳದಲ್ಲಿ ಜನ ಸೇರಿದ್ದರು.

ಈಗ ಬಿಸಿಲು ತಗಡಿನ ಅಂಚಿಗೆ ಬಂದಿದೆ. ಪಾಂಡು ಗೇಜ್ ಸಿಕ್ಕಿಸಿ ಆಯಿಲ್ಲಿನ ಒತ್ತಡ ನೋಡುತ್ತಾರೆ. ಸಮ ಇದೆ. ಮೇಲಿನ ಮುಚ್ಚಳ ತೆಗೆದು ಮರದ ಗೂಟದಿಂದ ಒಂದೊಂದೇ ಟ್ಯಾಪೆಟ್ ಒತ್ತುತ್ತಾರೆ. ಉಳಿದವೆಲ್ಲ ಗಟ್ಟಿ, ಮೂರನೆಯದು ಮಾತ್ರ ಹಣ್ಣಾದ ಬಾಳೆಯಂತೆ ಒಳಗಿಳಿಯುತ್ತದೆ. ಕಳ್ಳ ಸಿಕ್ಕಿಬಿದ್ದ. ಅದೊಂದನ್ನು ಬದಲಿಸಿದರೆ ಕೆಲಸ ಮುಗಿಯಿತು.

ಆದರೂ ಪಾಂಡು ಗೋಣಿ ಹಾಸಿ ಕಾರಿನಡಿ ನುಸುಳುತ್ತಾರೆ. ಆಯಿಲ್ ಚೇಂಬರಿನ ಬೋಲ್ಟುಗಳು ಒಂದೊಂದಾಗಿ ಕಳಚುತ್ತವೆ.

"ಟ್ಯಾಪೆಟ್ ಮೇಲಿತ್ತಲ್ದಾ ಮಾವ? ನೀವ್ ಗಾಡಿ ಅಡಿಗ್ ಎಂತಕ್ ಹೋದ್ರಿ?" ಸೌಜನ್ಯ ನಗುತ್ತಾಳೆ.

ಪಾಂಡು ಹೊರಗೆ ಬರುತ್ತಾರೆ. ಕೈಯಲ್ಲಿ ಜಾಲರಿ, ಚೊಕ್ಕಟವಾಗಿದೆ. ಅದನ್ನೇ ನೋಡುತ್ತಾ, ಅವಳ ಮುಖ ನೋಡದೆ, ಹನ್ನೆರಡು ವರ್ಷದ ಹಿಂದಿನ ಜಾಲರಿಯ ಕತೆ ಹೇಳುತ್ತಾರೆ. ಬಿಸಿ ಎಂಜಿನ್, ದಪ್ಪ ಆಯಿಲ್, ಆಯುಷ್ಯ ಮುಗಿಯಿತು ಎಂದ ಸುಳ್ಳು. ಯಾವುದನ್ನೂ ಬಿಡುವುದಿಲ್ಲ.

ಸೌಜನ್ಯಳ ನಗು ನಿಂತಿದೆ. ಬಸ್ಸೊಂದು ಬಂದು, ಜನ ಇಳಿಸಿ, ಹೋಗುತ್ತದೆ.

"ಅಪ್ಪಯ್ಯ ಬದ್ಕಿದ್ದಾಗ್ಳೇ ಹೇಳೂಕಾಗಿತ್ತ್," ಎನ್ನುತ್ತಾಳೆ ಕೊನೆಗೆ.

"ಹೌದ್ ಮಗಾ. ಆಗಿತ್ತ್."

"ಅಮ್ಮಂಗೆ ಹೇಳ್ತೆ."

"ಹೇಳ್. ಅದಕ್ಕೇ ನಿಂಗೆ ಹೇಳಿದ್ದ್."

ಮಧ್ಯಾಹ್ನದ ಹೊತ್ತಿಗೆ ಕಾರು ಸದ್ದಿಲ್ಲದೆ ಓಡುತ್ತದೆ. ಸೌಜನ್ಯ ಹೊಗಳುವುದಿಲ್ಲ. ಗಾಜು ಇಳಿಸಿ ಒಂದೇ ಮಾತು ಕೇಳುತ್ತಾಳೆ: "ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ನಾನೇ ಕೇಳ್ತೆ. ಎಷ್ಟ್ ಎಣ್ಸ್ಕ್?"

"ಹತ್ತ್," ಎನ್ನುತ್ತಾರೆ ಪಾಂಡು.

ಕಾರು ತಿರುವಿನಲ್ಲಿ ಮರೆಯಾದ ಮೇಲೂ ಅವರು ಕಿವಿ ಅತ್ತಲೇ ಇಟ್ಟು ನಿಂತಿರುತ್ತಾರೆ. ಆಮೇಲೆ ಕೊಡೆಯ ಕೋಲನ್ನು ಒರೆಸಿ ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ. ಇನ್ನು ಎಂತ ಆಸೆ ಇತ್ತ್ ಎಂದು ಕೇಳಿದರೆ, ಬಸ್ಸು ನಿಲ್ಲುವ ಜಾಗವನ್ನು ನೋಡುತ್ತಾರೆ.

"ಜಲಜಕ್ಕ ಒಂದ್ ಸಲ ಬಂದ್, ಪೇಟೆಗೆಲ್ಲ ಕೇಳು ಹಂಗೆ ಬೈಬೇಕ್. ಸುಮ್ನೆ ಬಸ್ಸಿಳ್ದ್ ಹೋದ್ರೆ ತಡ್ಕೊಂಬುಕೆ ಆತಿಲ್ಲೆ. ಎಡಗಿವಿ ಇನ್ನೂ ಸಮ ಇತ್ತ್. ಆ ಬದಿಗೆ ನಿತ್ಕಂಡೇ ಬೈಲಿ."